ಕಾರ್ಬನ್ ಬಾನೆಟ್ಟಿನ ಧಣಿಗಳಿಗೊಂದು ಕೃತಜ್ಞತಾ ಪತ್ರ

ಮಾನ್ಯ ಧಣಿಗಳೇ,

ತಮ್ಮ ಕಾರಿನ ಕಾರ್ಬನ್ ಫೈಬರ್ ಬಾನೆಟ್ಟು, ಸ್ಪಾಯ್ಲರು, ಡಿಫ್ಯೂಸರು, ಕನ್ನಡಿ ಕವರುಗಳೆಲ್ಲ ಕ್ಷೇಮವೆಂದು ನಂಬಿದ್ದೇನೆ. ಕ್ಷೇಮವಿಲ್ಲದಿದ್ದರೆ ಇನ್ನೂ ಸಂತೋಷ.

ಬೆಂಗಳೂರಿನಲ್ಲಿ ಕಾರುಗಳ ಮೈಗೆ ಲ್ಯಾಕರ್ ಹೊಡೆದು ಹೊಟ್ಟೆ ಹೊರೆಯುವವನು ನಾನು. ಶೆಡ್ಡಿನ ಬಾಡಿಗೆ, ಕಂಪ್ರೆಸರಿನ ಕರೆಂಟು ಬಿಲ್ಲು, ಹುಡುಗರ ಸಂಬಳ ಎಲ್ಲವೂ ತಮ್ಮ ಕೃಪೆಯಿಂದ ನಡೆಯುತ್ತಿವೆ. ತಗಡಿನ ಬಾನೆಟ್ಟಿನವರನ್ನು ನಂಬಿ ಕೂರುವ ಹಾಗಿಲ್ಲ. ಅವರು ಎಲ್ಲಾದರೂ ಗುದ್ದಿದಾಗ ಮಾತ್ರ ಬರುತ್ತಾರೆ, ಅದೂ ಇನ್ಶೂರೆನ್ಸ್ ಕಾಗದ ಹಿಡಿದುಕೊಂಡು. ತಾವೋ ಗಾಡಿಯನ್ನು ಸುಮ್ಮನೆ ನಿಲ್ಲಿಸಿಯೇ ನಮಗೆ ಕೆಲಸ ಕೊಡುತ್ತೀರಿ. ಇಂಥ ಉಪಕಾರಕ್ಕೆ ಒಂದು ಪತ್ರವನ್ನಾದರೂ ಬರೆಯದಿದ್ದರೆ ಹೇಗೆ?

ತಮ್ಮಲ್ಲಿ ಬಹುತೇಕರಿಗೆ ಬೇಸ್‌ಮೆಂಟಿನಲ್ಲಿ ಜಾಗವಿದೆ. ಆದರೆ ಅಲ್ಲಿಟ್ಟರೆ ಬಾನೆಟ್ಟನ್ನು ಯಾರು ನೋಡಬೇಕು? ಹಾಗಾಗಿ ಗೇಟಿನೆದುರು, ಮಟಮಟ ಮಧ್ಯಾಹ್ನದ ಬಿಸಿಲಿಗೆ ಮುಖ ಕೊಟ್ಟು ನಿಲ್ಲಿಸುತ್ತೀರಿ. 'ಬೆಂಗಳೂರು ಬಿಸಿಲು ಏನ್ಮಾಡುತ್ತೆ ಬಿಡಿ' ಎನ್ನುತ್ತೀರಿ. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲೆ, ಸಮಭಾಜಕ ವೃತ್ತದಿಂದ ಬರೀ 13 ಡಿಗ್ರಿ ಆಚೆಗಿರುವ ಊರಿನಲ್ಲಿ, ತಂಗಾಳಿ ಬೀಸಿತೆಂದು ಅತಿನೇರಳೆ ಕಿರಣಗಳು ರಜೆ ಹಾಕುವುದಿಲ್ಲ. ಇದನ್ನು ತಮ್ಮ ಎದುರಿಗೆ ನಿಂತು ಹೇಳಲು ನಾನೇನು ಹುಚ್ಚನೆ?

ಎರಡು ಮೂರು ಮಳೆಗಾಲ ಕಳೆಯುವುದರೊಳಗೆ ಬಾನೆಟ್ಟಿನ ಕಪ್ಪು ಹಳದಿಗೆ ತಿರುಗುತ್ತದೆ. ಆಮೇಲೆ ಮಬ್ಬು. ಆಮೇಲೆ ಅಂಚಿನಿಂದ ಪೊರೆ ಏಳುತ್ತದೆ. 'ಕಾರ್ಬನ್ ಹಾಳಾಗಿಹೋಯ್ತು' ಎಂದು ತಾವು ಮುಖ ಸಪ್ಪಗೆ ಮಾಡಿಕೊಂಡು ಬರುತ್ತೀರಿ. ನಾನೂ ಲೊಚಗುಟ್ಟುತ್ತೇನೆ. ನಿಜ ಹೇಳಬೇಕೆಂದರೆ ಕಾರ್ಬನ್ನಿಗೆ ಏನೂ ಆಗಿರುವುದಿಲ್ಲ. ಒಂದೊಂದೂ 7 ಮೈಕ್ರಾನ್ ಆಸುಪಾಸಿನ ಎಳೆ, ಅಂಥ 3,000 ಎಳೆ ಸೇರಿ ಒಂದು ಜಡೆ, ಆ ಜಡೆಗಳನ್ನು ಅಡ್ಡ ಉದ್ದ ನೇಯ್ದು ಮಾಡಿದ ಬಟ್ಟೆ ಅದು. ಗಾಳಿಯಾಡದ ಕುಲುಮೆಯಲ್ಲಿ ಸಾವಿರ ಡಿಗ್ರಿಗೂ ಮೀರಿದ ಕಾವು ಕಂಡು ಬಂದ ಎಳೆಗೆ ಜಯನಗರದ ಬಿಸಿಲು ಯಾವ ಲೆಕ್ಕ! ಹಾಳಾಗುವುದು ಆ ಬಟ್ಟೆಯನ್ನು ಹಿಡಿದಿಟ್ಟ ಎಪಾಕ್ಸಿ ರೆಸಿನ್, ಮತ್ತು ಅದರ ಮೇಲಿನ ಕ್ಲಿಯರ್ ಕೋಟ್, ಅಂದರೆ ನಮ್ಮ ಲ್ಯಾಕರ್. ಎಪಾಕ್ಸಿಗೆ ಬಿಸಿಲು ಆಗಿಬರುವುದಿಲ್ಲ. ಅದಕ್ಕೇ ಅತಿನೇರಳೆ ಕಿರಣ ತಡೆಯುವ ಮದ್ದು ಬೆರೆಸಿದ ಕ್ಲಿಯರ್ ಕೋಟನ್ನು ಮೇಲೆ ಹೊದಿಸುವುದು. ಆ ಮದ್ದೂ ತನ್ನ ಪಾಲಿನ ಬಿಸಿಲು ಕುಡಿದು ಒಂದು ದಿನ ಮುಗಿಯುತ್ತದೆ. ಅಂದರೆ ತಾವು ಜೀವಮಾನವಿಡೀ ಪೋಷಿಸುತ್ತಿರುವುದು ಕಾರ್ಬನ್ನನ್ನಲ್ಲ, ಅದರ ಮೇಲಿನ ಪಾರದರ್ಶಕ ಬಣ್ಣವನ್ನು.

ಇದೇ ಊರಿನಲ್ಲಿ ಕಾರ್ಬನ್ ಗೊತ್ತಿರುವ ಇನ್ನೊಂದು ಬಗೆಯ ಜನರಿದ್ದಾರೆ. ತೇಜಸ್ ವಿಮಾನದ ಬಾಲದ ರೆಕ್ಕೆ ಮತ್ತು ರಡ್ಡರನ್ನು ಕಾರ್ಬನ್ನಿನಲ್ಲಿ ಮಾಡಿಕೊಟ್ಟವರು ಇಲ್ಲಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದವರು. ಆ ವಿಮಾನ 2001ರ ಜನವರಿ 4ರಂದು ಎಚ್‌ಎಎಲ್ ನಿಲ್ದಾಣದಿಂದ ಮೊದಲ ಸಲ ಹಾರಿದಾಗ ಅಷ್ಟು ಚೆಂದದ ನೇಯ್ಗೆಯನ್ನೆಲ್ಲ ಬಣ್ಣ ಬಳಿದು ಮುಚ್ಚಿಬಿಟ್ಟಿದ್ದರು. ರಸಿಕತೆಯಿಲ್ಲದ ಜನ! ಫೆರಾರಿಯವರಾದರೂ ವಾಸಿ, 1987ರ ಎಫ್40 ಕಾರಿಗೆ ಕೆಂಪು ಬಣ್ಣವನ್ನು ಎಷ್ಟು ತೆಳುವಾಗಿ ಹೊಡೆದರೆಂದರೆ ಓರೆಗಣ್ಣಿಗೆ ಒಳಗಿನ ನೇಯ್ಗೆ ಕಾಣುತ್ತದೆ. ಅವರದು ತೂಕದ ಜಿಪುಣತನ. ಇತ್ತೀಚಿನ ವರ್ಷಗಳಲ್ಲಿ ಫಾರ್ಮುಲಾ ಒನ್ ತಂಡಗಳೂ ತೂಕ ಉಳಿಸಲು ಕಾರಿನ ಮೈಯ ಬಹುಭಾಗಕ್ಕೆ ಬಣ್ಣವನ್ನೇ ಹೊಡೆಯದೆ ಬಿಟ್ಟದ್ದುಂಟು. ತಾವು ತೂಕ ಇಳಿಸಲೆಂದು ಕಾರ್ಬನ್ ಬಾನೆಟ್ ಹಾಕಿಸಿ, ಅದರ ಮೇಲೆ ಮೂರು ಕೋಟ್ ಲ್ಯಾಕರ್, ಲ್ಯಾಕರಿನ ಮೇಲೆ ಪಿಪಿಎಫ್ ಎಂಬ ರಕ್ಷಣಾ ಹಾಳೆ, ಹಾಳೆಯ ಮೇಲೆ ಸೆರಾಮಿಕ್ ಲೇಪ, ಡಿಕ್ಕಿಯಲ್ಲಿ ಸಬ್‌ವೂಫರ್ ಇಟ್ಟುಕೊಂಡು ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ನಿಂತಿರುತ್ತೀರಿ. ನೋಡಿದಾಗ ಕಣ್ಣು ತುಂಬಿ ಬರುತ್ತದೆ.

ಸೆರಾಮಿಕ್ ಅಂದಾಗ ನೆನಪಾಯಿತು. '9ಎಚ್ ಗಟ್ಟಿತನ' ಎಂದು ಮಾರುವವನು ಹೇಳಿದಾಗ ತಾವು ವಜ್ರವನ್ನು ಕಲ್ಪಿಸಿಕೊಳ್ಳುತ್ತೀರಿ. ಅದು ಪೆನ್ಸಿಲ್ ಸೀಸದಿಂದ ಗೀಚಿ ನೋಡುವ ಅಳತೆ. ಇರಲಿ, ಕಲ್ಪನೆಗೆ ತೆರಿಗೆಯಿಲ್ಲ.

ತೊಳೆಯುವ ವಿಷಯದಲ್ಲಂತೂ ತಮ್ಮ ಸಹಕಾರ ದೊಡ್ಡದು. ಬೆಳಗಿನ ಆರಕ್ಕೆ ಬರುವ ಹುಡುಗನ ಹತ್ತಿರ ಒಂದು ಬಕೆಟ್ ಇರುತ್ತದೆ, ಒಂದೇ ಬಟ್ಟೆ ಇರುತ್ತದೆ, ಸಾಲಾಗಿ ಕಾರುಗಳಿರುತ್ತವೆ. ಮೊದಲಿನ ಕಾರಿನ ಚಕ್ರದ ಮರಳು ಕೊನೆಯ ಕಾರಿನ ಬಾನೆಟ್ಟಿಗೆ ಹೋಗಿ ಸೇರುತ್ತದೆ. ಕಪ್ಪು ಹೊಳಪಿನ ಮೇಲೆ ಅವನು ಬಿಡಿಸಿದ ಸುರುಳಿಗಳು ಸಂಜೆಯ ಬೆಳಕಿನಲ್ಲಿ ಎದ್ದು ಕಾಣುತ್ತವೆ. ಬೋರ್‌ವೆಲ್ಲಿನ ಗಡಸು ನೀರು ಹಾಗೇ ಆರಿ ಬಿಳಿ ಉಂಗುರಗಳನ್ನು ಕೂರಿಸುತ್ತದೆ. ಹಕ್ಕಿಯ ಹಿಕ್ಕೆಯನ್ನು ನೆನೆಸದೆ ಉಗುರಿನಲ್ಲಿ ಕೆರೆಯುವ ಧಣಿಗಳೂ ಇದ್ದಾರೆ, ಅವರಿಗೆ ನನ್ನ ವಿಶೇಷ ನಮನ. ಎರಡು ಬಕೆಟ್, ಸೌಮ್ಯವಾದ ಶ್ಯಾಂಪೂ, ಶುದ್ಧ ಮೈಕ್ರೋಫೈಬರ್ ಬಟ್ಟೆ, ತೊಳೆದ ಕೂಡಲೇ ಒರೆಸುವುದು: ಇಷ್ಟು ಮಾಡಿದರೆ ಲ್ಯಾಕರ್ ಎಷ್ಟೋ ವರ್ಷ ಹೆಚ್ಚು ಬಾಳುತ್ತದೆ. ಹಾಗೆ ಬಾಳಿದರೆ ನಮ್ಮ ಗತಿ?

ಈಗ ಸ್ವಾವಲಂಬಿ ಧಣಿಗಳ ಬಗ್ಗೆ. ಮೊಬೈಲಿನಲ್ಲಿ ಹತ್ತು ನಿಮಿಷದ ವಿಡಿಯೋ ನೋಡಿ, ಭಾನುವಾರ ಬೆಳಿಗ್ಗೆ ವಾಟರ್ ಪೇಪರ್ ಹಿಡಿದು ಕೂರುವವರು ಇವರು. ಹಳೆ ಲ್ಯಾಕರನ್ನು ತೆಗೆಯಲು 800ರ ಪೇಪರಿನಲ್ಲಿ ನೀರು ಹಾಕಿ ಉಜ್ಜಬೇಕು ನಿಜ. ಲ್ಯಾಕರ್ ಸವೆಯುವಾಗ ಹರಿಯುವ ನೀರು ಹಾಲುಬಿಳುಪು. ಅಲ್ಲಿಯ ತನಕ ಕ್ಷೇಮ. ನೀರು ಬೂದಿಗೆ ತಿರುಗಿ ಕಪ್ಪಾಯಿತೆಂದರೆ ಪೇಪರ್ ಬಟ್ಟೆಯ ಎಳೆಯನ್ನೇ ಕೊಯ್ಯುತ್ತಿದೆ ಎಂದರ್ಥ. ನಾವಾದರೆ ಅಲ್ಲಿಗೆ ಕೈ ಎತ್ತುತ್ತೇವೆ. ಧಣಿಗಳು 'ಕೊಳೆ ಬಿಡ್ತಾ ಇದೆ' ಎಂದು ಹುರುಪಿನಿಂದ ಇನ್ನಷ್ಟು ಉಜ್ಜುತ್ತಾರೆ. ಒಂದು ಪದರ ಬಟ್ಟೆಯ ದಪ್ಪ ಕಾಲು ಮಿಲಿಮೀಟರಿನ ಆಸುಪಾಸು. ಅಗ್ಗದ ಬಾನೆಟ್ಟುಗಳಲ್ಲಿ ಎಷ್ಟೋ ಸಲ ಇರುವುದೇ ಆ ಒಂದು ಪದರ, ಕೆಳಗಿರುವುದೆಲ್ಲ ಸಾದಾ ಫೈಬರ್‌ಗ್ಲಾಸ್. ಕತ್ತರಿಸಿದ ಎಳೆ ಮತ್ತೆ ಕೂಡುವುದಿಲ್ಲ, ಅಲ್ಲೊಂದು ಬೂದು ಬಣ್ಣದ ಕಲೆ ಶಾಶ್ವತವಾಗಿ ಉಳಿಯುತ್ತದೆ. ಲ್ಯಾಕರ್ ಎಷ್ಟು ದಪ್ಪವಿದೆಯೆಂದು ಮೊದಲೇ ಅಳೆಯೋಣವೆಂದರೆ ತಗಡಿನ ಮೇಲೆ ಇಟ್ಟು ನೋಡುವ ಸಾಮಾನ್ಯ ಗೇಜು ಕಾರ್ಬನ್ನಿನ ಮೇಲೆ ಕೆಲಸ ಮಾಡುವುದಿಲ್ಲ, ಶಬ್ದತರಂಗದಿಂದ ಅಳೆಯುವ ದುಬಾರಿ ಗೇಜು ಬೇಕು. ಮುಖಕ್ಕೆ ಮಾಸ್ಕ್ ಇಲ್ಲದೆ, ಬನಿಯನ್ನಿನಲ್ಲಿ ಕೂತು ಒಣ ಪೇಪರಿನಿಂದ ಉಜ್ಜಿದವರಿಗೆ ಆ ರಾತ್ರಿ ಮೈತುಂಬ ಚುಚ್ಚುವ ಕೆರೆತವೂ ಉಚಿತ. ಸ್ಪ್ರೇಗನ್ ತಂದು ತಾವೇ ಟು-ಕೆ ಲ್ಯಾಕರ್ ಹೊಡೆಯುವವರಿಗೆ ಮಾತ್ರ ಒಂದು ಮಾತನ್ನು ವ್ಯಂಗ್ಯ ಬಿಟ್ಟು ಹೇಳುತ್ತೇನೆ: ಅದರ ಹಾರ್ಡನರಿನಲ್ಲಿ ಐಸೋಸಯನೇಟ್ ಇರುತ್ತದೆ, ಕರವಸ್ತ್ರ ಕಟ್ಟಿಕೊಂಡು ಹೊಡೆಯುವ ವಸ್ತುವಲ್ಲ ಅದು.

ನಮ್ಮಲ್ಲಿಗೇ ತಂದವರು 'ಶುಕ್ರವಾರ ಮದುವೆ, ಗುರುವಾರ ಗಾಡಿ ಬೇಕು' ಎನ್ನುತ್ತಾರೆ. ಕೊಡುತ್ತೇವೆ. ಗುರುವಾರ ಕನ್ನಡಿಯಂತಿದ್ದ ಮೈಯಲ್ಲಿ ಮುಂದಿನ ತಿಂಗಳು ನೇಯ್ಗೆಯ ಗೆರೆಗಳು ಕೈಗೆ ತಾಗುವಂತೆ ಉಬ್ಬಿ ಬರುತ್ತವೆ. ಅರೆಬರೆ ಗಟ್ಟಿಯಾದ ರೆಸಿನ್ ಬಿಸಿಲಿನ ಕಾವಿಗೆ ಇನ್ನಷ್ಟು ಬಿಗಿದು ಕುಗ್ಗುವುದೇ ಕಾರಣ. ಮೊದಲೇ ಕಾಯಿಸಿ, ಕುಗ್ಗುವಷ್ಟು ಕುಗ್ಗಲು ಬಿಟ್ಟು, ಮತ್ತೆ ಉಜ್ಜಿ ಕೊನೆಯ ಕೋಟ್ ಹೊಡೆದರೆ ಈ ತೊಂದರೆ ಬಹಳ ಮಟ್ಟಿಗೆ ತಪ್ಪುತ್ತದೆ. ಮದುವೆಯ ಮುಹೂರ್ತ ಅದಕ್ಕೆಲ್ಲ ಕಾಯುವುದಿಲ್ಲವಲ್ಲ.

ಇಷ್ಟು ಹೊತ್ತು ಹೇಳಿದ್ದು ಹೊಳಪಿನ ಕಥೆ, ಹೊಳಪು ಹೋದರೆ ಯಾರಿಗೂ ಪೆಟ್ಟಾಗುವುದಿಲ್ಲ. ಇನ್ನು ಗಟ್ಟಿತನದ ಕಥೆ. 1981ರಲ್ಲಿ ಫಾರ್ಮುಲಾ ಒನ್ನಿನ ಮೆಕ್ಲಾರೆನ್ ತಂಡ ಎಂಪಿ4/1 ಕಾರಿನಲ್ಲಿ ಚಾಲಕ ಕೂರುವ ತೊಟ್ಟಿಯನ್ನು ಕಾರ್ಬನ್ನಿನಲ್ಲಿ ಮಾಡಿಸಿದಾಗ 'ಗುದ್ದಿದರೆ ಪುಡಿಪುಡಿ' ಎಂದು ನಕ್ಕವರಿದ್ದರು. ಅದೇ ವರ್ಷ ಮೊಂಜಾ ರೇಸಿನಲ್ಲಿ ತಂಡದ ಚಾಲಕ ಜಾನ್ ವಾಟ್ಸನ್ನರ ಕಾರು ತಡೆಗೋಡೆಗೆ ಬಡಿದು ಎಂಜಿನ್ನೇ ಕಿತ್ತು ಬೇರೆಯಾಯಿತು, ಅವರು ಎದ್ದು ನಡೆದುಹೋದರು. ಜೀವ ಉಳಿಸಿದ್ದು ನೇಯ್ಗೆಯ ಚೆಂದವಲ್ಲ, ಪದರಗಳ ಒಗ್ಗಟ್ಟು. ತಮ್ಮ ಗಾಡಿಯಲ್ಲಿ ಆ ಒಗ್ಗಟ್ಟು ಇದೆಯೇ ಎಂದು ಯಾರೂ ಕೇಳುವುದಿಲ್ಲ. ತಗಡು ಪೆಟ್ಟು ತಿಂದರೆ ನಗ್ಗಿ ತೋರಿಸುತ್ತದೆ. ಕಾರ್ಬನ್ ಹೊರಗೆ ನೆಟ್ಟಗಿದ್ದು ಒಳಗೆ ಪದರ ಬಿಟ್ಟುಕೊಂಡಿರುತ್ತದೆ. ರಸ್ತೆಯುಬ್ಬಿಗೆ ತಗುಲಿದ ಬಂಪರಿನ ಲಿಪ್ಪನ್ನು ತಂದಾಗ ನಾನು ರೂಪಾಯಿ ನಾಣ್ಯದಿಂದ ಉದ್ದಕ್ಕೂ ಬಡಿಯುತ್ತಾ ಹೋಗುತ್ತೇನೆ, ಸಂತೆಯಲ್ಲಿ ಮಡಕೆ ಬಡಿದು ಕೊಳ್ಳುವ ಹಾಗೆ. ಗಟ್ಟಿ ಇರುವಲ್ಲಿ ಟಣ್ ಎನ್ನುತ್ತದೆ, ಪದರ ಬಿಟ್ಟಲ್ಲಿ ದಬ್ ಎನ್ನುತ್ತದೆ. ದಬ್ ಎಂದಲ್ಲಿ ಸುತ್ತ ಇಳಿಜಾರಾಗಿ ಉಜ್ಜಿ, ಹಳೆಯ ಪದರಗಳು ಯಾವ ದಿಕ್ಕಿಗಿದ್ದವೋ ಅದೇ ದಿಕ್ಕಿಗೆ ಹೊಸ ಬಟ್ಟೆ ಕೂರಿಸಿ, ಗಾಳಿ ಎಳೆದ ಚೀಲದೊಳಗೆ ಒತ್ತಿ ಕಾಯಿಸಬೇಕು. ಖರ್ಚು ಹೇಳಿದ ಕೂಡಲೇ ತಾವು ಕೇಳುವುದು ಒಂದೇ: 'ಮೇಲೆ ಲ್ಯಾಕರ್ ಹೊಡೆದರೆ ಕಾಣುತ್ತಾ?' ಕಾಣುವುದಿಲ್ಲ, ಧಣಿ. ಬಿರುಕಿಗೆ ಫೆವಿಕ್ವಿಕ್ ಬಿಟ್ಟು ಕಪ್ಪು ಮಾರ್ಕರ್ ಬಳಿದು ತಂದವರೂ ಇದ್ದಾರೆ.

ಬೋಲ್ಟುಗಳನ್ನೂ ಯಾರೂ ಬಿಚ್ಚಿ ನೋಡುವುದಿಲ್ಲ. ಕಾರ್ಬನ್ನಿಗೆ ಅಲ್ಯೂಮಿನಿಯಂ ನೇರವಾಗಿ ತಾಗಿ, ನಡುವೆ ಮಳೆನೀರು ಸೇರಿದರೆ ಅದೊಂದು ಪುಟ್ಟ ಬ್ಯಾಟರಿ. ಸವೆಯುವುದು ಅಲ್ಯೂಮಿನಿಯಂ. ಕೀಲಿನ ಬುಡದಲ್ಲಿ ಬಿಳಿಪುಡಿ ಕಂಡರೆ ಅದು ಪಾಲಿಶ್ ಉಳಿದದ್ದು ಎಂದು ಒರೆಸಿಬಿಡುತ್ತೀರಿ.

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಎಂಬುದೊಂದಿದೆ, ಗಾಡಿಯ ಮೂಲ ರೂಪ ಬದಲಿಸುವುದರ ಬಗ್ಗೆ. ಅದರ ವಿಚಾರ ತಮಗೂ ಆರ್‌ಟಿಒದವರಿಗೂ ಬಿಟ್ಟದ್ದು, ಬಡ ಪೇಂಟರನನ್ನು ನಡುವೆ ಎಳೆಯಬೇಡಿ.

ತಮ್ಮ ವಿಧೇಯ,
ಒಬ್ಬ ಲ್ಯಾಕರ್ ಪೇಂಟರ್

ವಿ.ಸೂ.: ಹೊರಗಿನಿಂದ ತಂದು ಹಾಕಿಸಿದ ಹಗುರ ಬಾನೆಟ್ಟು ಹೈವೇ ವೇಗದಲ್ಲಿ ಅದುರಿ, ಬೀಗದ ಜಾಗದಲ್ಲಿ ಬಿರುಕು ಬಿಟ್ಟು, ಎದ್ದು ಗಾಜಿಗೆ ಬಡಿಯುವುದುಂಟು. ಅದಕ್ಕೇ ಎರಡು ಬಾನೆಟ್ ಪಿನ್ ಹಾಕಿಸಿ ಎನ್ನುವುದು. 'ಲುಕ್ ಹಾಳಾಗುತ್ತೆ' ಎಂದು ಬೇಡವೆನ್ನುವ ಧಣಿಗಳಿಗೆ ನಮ್ಮಲ್ಲಿ ಅರ್ಧ ಮುಂಗಡದ ಸೌಲಭ್ಯವಿಲ್ಲ. ಪೂರ್ತಿ ಹಣ ಮೊದಲೇ ಕಟ್ಟತಕ್ಕದ್ದು.