ಅಗಲರಾಯರು

ಪ್ರತಿ ಬಡಾವಣೆಗೂ ಒಬ್ಬರು ಅಗಲರಾಯರು ಇದ್ದೇ ಇರುತ್ತಾರೆ. ನೆರೆಯವರು ಹೊಸ ಕಾರು ತಂದರೆ ಎಲ್ಲರೂ ಬಣ್ಣ ನೋಡುತ್ತಾರೆ, ಸೀಟು ಒತ್ತಿ ನೋಡುತ್ತಾರೆ. ರಾಯರು ಮಾತ್ರ ಹಿಂದೆ ಹೋಗಿ ಕುಕ್ಕರುಗಾಲಿನಲ್ಲಿ ಕೂತು, ಟೈರಿನ ಮೇಲೆ ಗೇಣಿಟ್ಟು, ‘ಸೈಕಲ್ ಟೈರ್ ಹಾಕಿ ಕೊಟ್ಟಿದ್ದಾರಲ್ರೀ!’ ಎಂದು ಮರುಗುತ್ತಾರೆ. ತಮ್ಮ ಕಾರಿನ ಡ್ರೈವರ್ ಬಾಗಿಲಿನ ಕಂಬಕ್ಕೆ ಅಂಟಿಸಿದ ಚೀಟಿಯಲ್ಲಿ ಟೈರಿನ ಅಳತೆಯೂ ಗಾಳಿಯ ಲೆಕ್ಕವೂ ಅಚ್ಚಾಗಿರುವುದು ಇಷ್ಟು ವರ್ಷವಾದರೂ ಅವರ ಕಣ್ಣಿಗೆ ಬಿದ್ದಿಲ್ಲ.

ಅಗಲದ ಆಸೆ ತಪ್ಪೇನಲ್ಲ. ಆದರೆ ಅಗಲ ಎಷ್ಟಿರಬೇಕೆಂದು ತೀರ್ಮಾನಿಸುವುದು ರಿಮ್ಮು, ರಾಯರಲ್ಲ. ಅವರ ಕಾರಿನದು 185/65 ಆರ್ 15 ಟೈರು, ರಿಮ್ಮಿನ ಅಗಲ 5 ಇಂಚು ಎಂದಿಟ್ಟುಕೊಳ್ಳಿ. ರಾಯರಿಗೆ 205/65 ಬೇಕು. ‘ಹದಿನೈದಕ್ಕೆ ಹದಿನೈದು ಸರಿಹೋಯ್ತಲ್ಲಪ್ಪಾ, ಕೂರಿಸು’ ಎನ್ನುತ್ತಾರೆ. ಹದಿನೈದೆಂಬುದು ರಿಮ್ಮಿನ ವ್ಯಾಸ. 205/65 ಟೈರಿಗೆ ಕಡಿಮೆಯೆಂದರೂ ಐದೂವರೆ ಇಂಚು ಅಗಲದ ರಿಮ್ಮು ಬೇಕು. ಇಕ್ಕಟ್ಟಿನಲ್ಲಿ ಕೂರಿಸಿದರೆ ಅಂಚುಗಳು ಒಳಕ್ಕೆ ಸೆಳೆದು ನಡು ಉಬ್ಬುತ್ತದೆ, ನಡುವೇ ಮೊದಲು ಸವೆಯುತ್ತದೆ, ತಿರುವಿನಲ್ಲಿ ಪಕ್ಕದ ಗೋಡೆ ವಾಲಾಡುತ್ತದೆ. ಸಾಲದ್ದಕ್ಕೆ 65 ಎಂಬುದು ಅಗಲದ ಶೇಕಡಾವಾರು ಎತ್ತರ. ಅಗಲ ಏರಿದರೆ ಎತ್ತರವೂ ಏರುತ್ತದೆ. ಚಕ್ರದ ವ್ಯಾಸ ಸುಮಾರು 621 ಮಿಲಿಮೀಟರಿನಿಂದ 647ಕ್ಕೆ ಹೋಗಿ, ಸ್ಪೀಡೋಮೀಟರು ಮೊದಲಿಗಿಂತ ನೂರಕ್ಕೆ ನಾಲ್ಕರಷ್ಟು ಕಮ್ಮಿ ತೋರಿಸತೊಡಗುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಮಡ್‌ಗಾರ್ಡಿನ ಒಳಗಿಂದ ಗರ್ರೆಂದರೆ, ‘ಹೊಸ ಟೈರಲ್ವೇ, ಹೊಂದಿಕೊಳ್ಳುತ್ತೆ’ ಎಂದು ರಾಯರ ಸಮಾಧಾನ.

‘ಅಗಲ ಇದ್ದರೆ ಹಿಡಿತ ಜಾಸ್ತಿ, ಫಾರ್ಮುಲಾ ಒನ್ ನೋಡಿಲ್ವೇ?’ ಎಂಬುದು ಅವರ ಬ್ರಹ್ಮಾಸ್ತ್ರ. ನೋಡಿದ್ದೇವೆ. 2017ರಲ್ಲಿ ಅಲ್ಲಿ ಮುಂದಿನ ಟೈರು 245ರಿಂದ 305 ಮಿಲಿಮೀಟರಿಗೆ, ಹಿಂದಿನದು 325ರಿಂದ 405ಕ್ಕೆ ಅಗಲವಾಯಿತು. ಒಣ ರಸ್ತೆಯಲ್ಲಿ ಹಿಡಿತ ಹೆಚ್ಚುವುದೂ ನಿಜವೇ. ಆದರೆ ಅಲ್ಲಿ ಮಳೆ ಬಂದರೆ ಟೈರನ್ನೇ ಬದಲಿಸುತ್ತಾರೆ. ರಾಯರಿಗೆ ಜುಲೈಯ ಜಡಿಮಳೆಗೂ ಅದೇ ಟೈರು, ಮತ್ತು ನಿಂತ ನೀರಿನ ಮೇಲೆ ಅಗಲದ್ದೇ ಬೇಗ ತೇಲುವುದು. ನೆಲಕ್ಕೆ ತಾಗುವ ಜಾಗವೂ ಅವರು ಎಣಿಸಿದಷ್ಟು ಹಿಗ್ಗುವುದಿಲ್ಲ. ಭಾರವೂ ಗಾಳಿಯೂ ಅಷ್ಟೇ ಇದ್ದರೆ ಬದಲಾಗುವುದು ಹೆಚ್ಚಾಗಿ ಅದರ ಆಕಾರ. ತೆಳ್ಳಗಿನ ಟೈರು ಬಡವರದ್ದು ಎನ್ನುವುದಾದರೆ, ಬಿಎಂಡಬ್ಲ್ಯು ತನ್ನ ಐ3 ಎಂಬ ದುಬಾರಿ ಎಲೆಕ್ಟ್ರಿಕ್ ಕಾರಿಗೆ ಕೊಟ್ಟದ್ದು 155ರದ್ದು!

ಕಂಪನಿಯವರು ಕಾಸು ಉಳಿಸಲು ಸಣ್ಣದು ಹಾಕುತ್ತಾರೆ ಎಂಬ ದೂರಿನಲ್ಲಿ ಮಾತ್ರ ಹುರುಳಿದೆ. ಸ್ವಿಫ್ಟಿನ ಅಗ್ಗದ ಮಾದರಿಗೆ 165/80 ಆರ್ 14, ದುಬಾರಿಯದಕ್ಕೆ 185/65 ಆರ್ 15 ಬಂದದ್ದುಂಟು. ಆದರೆ ಅಲ್ಲಿ ಟೈರಿನ ಜೊತೆ ರಿಮ್ಮೂ ಬದಲಾಗುತ್ತದೆ, ವ್ಯಾಸ 620ರ ಆಸುಪಾಸಿನಲ್ಲೇ ನಿಲ್ಲುತ್ತದೆ. ದುಬಾರಿ ಮಾದರಿಯ ರಿಮ್ಮು, ಟೈರು ಎರಡನ್ನೂ ತಂದು ಹಾಕಿದರೆ ರಾಯರನ್ನು ತಡೆಯುವವರು ಯಾರು? ಅಂಗಡಿಯವನು ಆ ಲೆಕ್ಕ ಬರೆದು ಕೊಟ್ಟರೆ ರಾಯರು ಮೊತ್ತ ನೋಡಿ, ‘ರಿಮ್ಮು ಯಾರಿಗಪ್ಪಾ ಕಾಣುತ್ತೆ, ಟೈರ್ ಒಂದೇ ಹಾಕು’ ಎನ್ನುತ್ತಾರೆ.