ಹರಿಹರದ ಮಾವ, ಡರ್ಬಿಯ ಡಂಪರ್

ಡಂಪರ್ ಅಂದಕೂಡಲೇ ನಮ್ಮ ಕಡೆಯವರ ಕಣ್ಣೆದುರು ನಿಲ್ಲುವುದು ಸಂಡೂರಿನ ಅದಿರು ಹೊರುವ ದೈತ್ಯ. ಕೆಂಪು ಧೂಳೆಬ್ಬಿಸಿಕೊಂಡು ಎದುರಿಗೆ ಬಂತೆಂದರೆ ಬೈಕಿನವನು ಮನೆದೇವರನ್ನು ನೆನೆಯಬೇಕು. ಇಂಗ್ಲೆಂಡಿನ ಡರ್ಬಿಯ ನಮ್ಮ ಪಕ್ಕದ ಮನೆಯ ಮೇಷ್ಟ್ರು ಟ್ರೇಲರ್ ಮೇಲೆ ಹೇರಿಸಿಕೊಂಡು ಬಂದ ಡಂಪರನ್ನು ಕಿಟಕಿಯಿಂದ ನೋಡಿದ ನನ್ನ ಹೆಂಡತಿ ಕೇಳಿದಳು: "ಇದು ಇನ್ನೂ ಬೆಳೀತದೇನ್ರಿ?"

ಬೆಳೆಯುವುದಿಲ್ಲ. ಇಂಗ್ಲೆಂಡಿನಲ್ಲಿ ಮನೆ, ರಸ್ತೆ ಕಟ್ಟುವ ಕಡೆ ಓಡಾಡುವ ಡಂಪರ್ ಇಷ್ಟೇ. ಮುಂದೆ ಕಬ್ಬಿಣದ ದೊಡ್ಡ ಬಾನಿ, ಹಿಂದೆ ಎಂಜಿನ್ನೂ ಡ್ರೈವರೂ ಒಬ್ಬರಿಗೊಬ್ಬರು ಅಂಟಿಕೊಂಡು. 1920ರ ದಶಕದಲ್ಲಿ ಮ್ಯಾಂಚೆಸ್ಟರಿನ ಮ್ಯೂರ್-ಹಿಲ್ ಕಂಪನಿ ಫೋರ್ಡ್‌ಸನ್ ಟ್ರ್ಯಾಕ್ಟರಿಗೆ ಬಾನಿ ಕಟ್ಟಿ ಈ ಜಾತಿಯನ್ನು ಹುಟ್ಟಿಸಿತು. ಮೇಷ್ಟ್ರದ್ದು ಎರಡನೇ ಮಹಾಯುದ್ಧದ ನಂತರದ ಪೀಳಿಗೆ. ಸ್ಟೀರಿಂಗ್ ತಿರುಗಿಸಿದರೆ ಹಿಂದಿನ ಗಾಲಿಗಳು ತಿರುಗುತ್ತವೆ. ಮೂತಿ ಎಡಕ್ಕೆ ಹೊರಟರೆ ಬಾಲ ಬಲಗಡೆಯ ಗುಲಾಬಿ ಗಿಡಕ್ಕೆ ಬಡಿಯುತ್ತದೆ. ಬಾನಿ ಎತ್ತಲು ಹೈಡ್ರಾಲಿಕ್ಕೂ ಇಲ್ಲ, ಗಿಯರೂ ಇಲ್ಲ. ಕೊಂಡಿ ತಪ್ಪಿಸಿದರೆ ಮಣ್ಣು ತನ್ನ ಭಾರಕ್ಕೆ ತಾನೇ ಮುಂದಕ್ಕೆ ಮುಗ್ಗರಿಸುತ್ತದೆ, ಜೊತೆಗೆ ಬಾನಿಯೂ. ಇಷ್ಟು ಸೋಮಾರಿಯಾದ, ಇಷ್ಟು ಜಾಣತನದ ಯಂತ್ರವನ್ನು ನಾನು ನೋಡಿದ್ದಿಲ್ಲ.

"1959ರಲ್ಲಿ ತೆರೆದ ಎಂ1 ಹೆದ್ದಾರಿಗೆ ಮಣ್ಣು ಹೊತ್ತದ್ದು ಇದೇ" ಎಂದರು ಮೇಷ್ಟ್ರು. ಸಾಕ್ಷಿ ಕೇಳಲಿಲ್ಲ. ನಮ್ಮಲ್ಲಿ ಅಟ್ಟದ ಮೇಲೆ ಸಿಕ್ಕ ಪ್ರತಿ ತುಕ್ಕು ಕತ್ತಿಯೂ ಟಿಪ್ಪುವಿನದೇ ಆಗಿರುವ ಹಾಗೆ ಅಲ್ಲಿ ಪ್ರತಿ ಹಳೆಯ ಡಂಪರೂ ಎಂ1 ಕಟ್ಟಿದ್ದೇ.

ಮೇಷ್ಟ್ರು ಭೂಗೋಳ ಪಾಠ ಮಾಡಿ ನಿವೃತ್ತರಾದವರು. ಎಂಜಿನ್ನಿನ ಬಗ್ಗೆ ಅವರಿಗಿದ್ದದ್ದು ಭಕ್ತಿ, ನನಗಿದ್ದದ್ದು ಭಯ. ವಾಹನವೋ ಯಾವುದೋ ಹೊಲದ ಮೂಲೆಯಲ್ಲಿ ವರ್ಷಗಟ್ಟಲೆ ಮಳೆ ಕುಡಿದು ಕೂತಿತ್ತು. ಸೈಲೆನ್ಸರಿನ ಬಾಯಿಂದ ನೀರು ಇಳಿದು ಪಿಸ್ಟನ್ ಜಾಮ್ ಆಗಿತ್ತು. ಗಾಳಿ ಎಳೆಯುವ ಕೊಳವೆಯಲ್ಲಿ ಯಾವುದೋ ಹಕ್ಕಿ ಸಂಸಾರ ಮಾಡಿ ಮನೆ ಖಾಲಿ ಮಾಡಿಕೊಂಡು ಹೋಗಿತ್ತು. ಡೀಸೆಲ್ ಟ್ಯಾಂಕಿನಲ್ಲಿ ಕೈಯಾಡಿಸಿದರೆ ಕಪ್ಪು ಲೋಳೆ. ಡೀಸೆಲ್ಲಿಗೆ ನೀರು ಸೇರಿದರೆ ಸೂಕ್ಷ್ಮಜೀವಿಗಳು ಬೆಳೆದು ಹೀಗಾಗುತ್ತದೆಂದು ಮೇಷ್ಟ್ರು ವಿವರಿಸಿದರು. ಅಂಥದ್ದನ್ನೂ ತಿಂದು ಬದುಕುವ ಜೀವಿ ಇದೆಯಲ್ಲ ಎಂದು ನನ್ನಾಕೆಗೆ ಆಶ್ಚರ್ಯ. ಆಕೆ ಮಾಡಿದ ಉಪ್ಪಿಟ್ಟಿಗೆ ಮುಖ ಸಿಂಡರಿಸುವ ಜೀವಿಯೊಂದು ಮನೆಯಲ್ಲೇ ಇತ್ತು.

ಈ ಹಂತದಲ್ಲಿ ನಾನು ಹರಿಹರದ ಮಾವನಿಗೆ ವಿಡಿಯೋ ಕಾಲ್ ಮಾಡಿದೆ.

ಹರಿಹರ ಅಂದರೆ ಸುಮ್ಮನೆ ಅಲ್ಲ. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಅಲ್ಲಿ ಲೇತ್ ಯಂತ್ರಗಳ ಕಾರ್ಖಾನೆ ತೆರೆದಾಗಿನಿಂದ ಆ ಊರಲ್ಲಿ ಕಬ್ಬಿಣದ ಜೊತೆ ಮಾತಾಡಲು ಬಾರದವರು ಕಡಿಮೆ. ಮಾವ ಕಾರ್ಖಾನೆಯವನಲ್ಲ, ಭದ್ರಾ ನಾಲೆಯ ಕೊನೇ ಭಾಗದ ರೈತ. ನಾಲೆಯ ಕೊನೆಯಲ್ಲಿ ಗದ್ದೆ ಇಟ್ಟುಕೊಂಡವನಿಗೆ ನೀರು ಬಿಟ್ಟ ಸುದ್ದಿ ಪೇಪರಿನಲ್ಲಿ ಬರುತ್ತದೆ, ನೀರು ಬರುವುದಿಲ್ಲ. ಹಾಗಾಗಿ ಹಳ್ಳಕ್ಕೆ ಡೀಸೆಲ್ ಎಂಜಿನ್ ಇಳಿಸಿ ನೀರೆತ್ತುವುದು, ಕೆಟ್ಟಾಗ ರಾತ್ರೋರಾತ್ರಿ ಬಿಚ್ಚುವುದು, ಬೆಳಗಾಗುವುದರೊಳಗೆ ಕೂಡಿಸುವುದು ಆತನಿಗೆ ಹಲ್ಲುಜ್ಜಿದಷ್ಟು ಸಲೀಸು.

ಫೋನನ್ನು ಎಂಜಿನ್ನಿನ ಸುತ್ತ ಆರತಿ ಎತ್ತಿದ ಹಾಗೆ ತಿರುಗಿಸಿದೆ. ಮಾವ ಕಣ್ಣು ಕಿರಿದು ಮಾಡಿ, "ಲೇ, ಇದು ಲಿಸ್ಟರ್ ಕಣಲೇ!" ಎಂದ, ಕಳೆದುಹೋದ ನೆಂಟ ಸಿಕ್ಕವನಂತೆ. ಗ್ಲಾಸ್ಟರ್‌ಶೈರಿನ ಡರ್ಸ್ಲಿ ಊರಿನಲ್ಲಿ 1867ರಲ್ಲಿ ಶುರುವಾದ ಲಿಸ್ಟರ್ ಕಂಪನಿಯ ಎಂಜಿನ್ನುಗಳು ಹಡಗು ಹತ್ತಿ ಹೋಗದ ದೇಶವಿಲ್ಲ. ಮಾವನ ಅಪ್ಪ ಅಕ್ಕಿ ಗಿರಣಿಯವರಿಂದ ಕೊಂಡ, ಎರಡು ದೊಡ್ಡ ಚಕ್ರಗಳ ಲಿಸ್ಟರ್ ಇವತ್ತಿಗೂ ಅವರ ಹೊಲದಲ್ಲಿದೆ. ವಿಂಟೇಜ್ ಎಂದು ಅದಕ್ಕೆ ಯಾರೂ ಹೇಳಿಲ್ಲ, ಹೇಳಿದರೆ ಅದು ಕೆಲಸ ನಿಲ್ಲಿಸಿಬಿಟ್ಟೀತು.

"ಯಾರ್ದು ಇದು?"

"ಪಕ್ಕದ ಮನೆ ಮೇಷ್ಟ್ರದ್ದು, ಮಾವ."

"ಮಣ್ಣು ಸಾಗಿಸಾಕ?"

"ಇಲ್ಲ. ಸುಮ್ನೆ. ಚಾಲೂ ಮಾಡಾಕೆ."

"ಮಾಡಿ?"

ಮೇಷ್ಟ್ರು ಮುಗುಳ್ನಗುತ್ತ, ಏನಂತೆ ಎಂದು ಕೇಳಿದರು. ನಿಮ್ಮ ಮುಂದಿನ ಯೋಜನೆಯ ಬಗ್ಗೆ ಅವರಿಗೆ ಬಹಳ ಆಸಕ್ತಿ ಇದೆ ಎಂದೆ.

ಪಿಸ್ಟನ್ ಬಿಡಿಸುವ ವಿಚಾರದಲ್ಲಿ ಎರಡು ವೈದ್ಯ ಪದ್ಧತಿಗಳಿಗೆ ಜಗಳ ಬಿತ್ತು. ಅಸಿಟೋನಿಗೆ ಗಿಯರ್ ಆಯಿಲ್ ಬೆರೆಸಿದ ಕಷಾಯ ಮೇಷ್ಟ್ರ ಕಡೆಯವರದ್ದು. ಡೀಸೆಲ್, ಸೀಮೆಎಣ್ಣೆ ಮತ್ತು ತಾಳ್ಮೆ ಮಾವನದ್ದು. ಎರಡನ್ನೂ ಸುರಿದೆವು. ಒಂದು ದಿನ ಮಾವ ಹೇಳಿದಂತೆ ಮರದ ತುಂಡಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಪಿಸ್ಟನ್ ಕೂದಲೆಳೆಯಷ್ಟು ಕದಲಿತು. ಯಾವ ಔಷಧ ಹಿಡಿಯಿತೆಂಬ ವಿವಾದ ಇನ್ನೂ ಇತ್ಯರ್ಥವಾಗಿಲ್ಲ.

ರಿಂಗು, ಗ್ಯಾಸ್ಕೆಟ್ಟುಗಳನ್ನು ಮೇಷ್ಟ್ರು ಆನ್‌ಲೈನಿನಲ್ಲಿ ತರಿಸಿದರು. ಡಬ್ಬಿಯ ಮೇಲೆ ಏನಿತ್ತು ಗೊತ್ತೆ? ರಾಜಕೋಟ್, ಗುಜರಾತ್. ಇದರಲ್ಲಿ ಅಚ್ಚರಿಯಿಲ್ಲ. ನಿಧಾನವಾಗಿ ಓಡುವ ಹಳೆಯ ಲಿಸ್ಟರ್ ಎಂಜಿನ್ನನ್ನು ಇಂಗ್ಲೆಂಡಿನವರು ಕೈಬಿಟ್ಟ ಮೇಲೂ ರಾಜಕೋಟಿನವರು ಅದರ ನಕಲನ್ನು ಎರಕ ಹೊಯ್ಯುತ್ತಲೇ ಇದ್ದರು, ಬಿಡಿಭಾಗ ಮಾಡುತ್ತಲೇ ಇದ್ದರು. ತಾತ ಕಲಿಸಿದ್ದನ್ನು ತಾತನೇ ಮರೆತಾಗ ಮೊಮ್ಮಗ ಹೇಳಿಕೊಡುವುದು ಸರಿಯೇ. ಮೇಷ್ಟ್ರು ಮಾತ್ರ ಆ ಡಬ್ಬಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಭೂಗೋಳದ ಮೇಷ್ಟ್ರಿಗೆ ಭೂಗೋಳ ತಿರುಗಿದ್ದು ಅವತ್ತೇ ಇರಬೇಕು.

ಇನ್ನು ಚಾಲೂ ಮಾಡುವ ಪರ್ವ. ಡೀಸೆಲ್ಲಿಗೆ ಕಿಡಿ ಬೇಡ. ಗಾಳಿಯನ್ನು 16-18 ಪಟ್ಟು ಅದುಮಿದರೆ ಅದು 500 ಡಿಗ್ರಿ ದಾಟಿ ಕಾಯುತ್ತದೆ, ಅದರೊಳಕ್ಕೆ ನಾಜಲ್ ಡೀಸೆಲ್ ಸಿಂಪಡಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಆದರೆ ಅದುಮುವ ತೋಳು ನಮ್ಮದು. ಪುಣ್ಯಕ್ಕೆ ಎಂಜಿನ್ನಿನ ತಲೆಯ ಮೇಲೊಂದು ಲಿವರ್ ಇದೆ. ಎತ್ತಿದರೆ ವಾಲ್ವ್ ತೆರೆದುಕೊಂಡು ಗಾಳಿ ಹೊರಗೆ ಹೋಗುತ್ತದೆ, ಹ್ಯಾಂಡಲ್ ಹಗುರಾಗುತ್ತದೆ. ಜೋರಾಗಿ ತಿರುಗಿಸಿ ವೇಗ ಬಂದಾಗ ಲಿವರ್ ಕೆಡವಬೇಕು.

"ಹೆಬ್ಬೆಟ್ಟು ಒಳಗಡೆ ಸುತ್ತಬೇಡ್ರಲೇ! ಬೆರಳಿನ ಜೊತೀಗೇ ಇರಲಿ. ಎಂಜಿನ್ ತಿರುಗಿ ಒದ್ದರೆ ಹೆಬ್ಬೆಟ್ಟೇ ಇರಂಗಿಲ್ಲ" ಎಂದು ಹರಿಹರದಿಂದ ಕೂಗು. ಇದನ್ನು ಮಾತ್ರ ಅಕ್ಷರಶಃ ಅನುವಾದಿಸಿದೆ. ಮೇಷ್ಟ್ರು ಹೆಬ್ಬೆರಳು ನೋಡಿಕೊಂಡರು.

ತಿರುಗಿಸಿದೆವು. ಏನೂ ಇಲ್ಲ.

"ಫೋನ್ ನಾಜಲ್ ಹತ್ರ ಹಿಡಿ" ಎಂದ ಮಾವ. ಹಿಡಿದೆ. ಆತ ಕಣ್ಣುಮುಚ್ಚಿ ಕೇಳಿದ. ಅಲ್ಲಿ ರಾತ್ರಿ, ಹಿಂದೆ ಟಿವಿಯಲ್ಲಿ ಧಾರಾವಾಹಿಯ ಅಳು. ಅತ್ತೆಗೆ ಟಿವಿ ಬಂದ್ ಮಾಡಲು ಹೇಳಿ ಮತ್ತೆ ಕೇಳಿದ. "ಕುಂಯ್ ಅನ್ನವಲ್ಲದು. ಡೀಸೆಲ್ ಸಿಂಪಡಿಸಿದರೆ ಕುಂಯ್ ಅಂತೈತಿ. ಗಾಳಿ ಹಿಡಿದೈತಿ, ಬಿಡಿಸ್ರಿ." ಫಿಲ್ಟರಿನ ಸ್ಕ್ರೂ, ಪಂಪಿನ ಸ್ಕ್ರೂ, ಕೊನೆಗೆ ನಾಜಲ್ಲಿನ ನಟ್ಟು, ಒಂದೊಂದನ್ನೇ ಸಡಿಲಿಸಿ ಗುಳ್ಳೆ ನಿಲ್ಲುವವರೆಗೆ ಡೀಸೆಲ್ ಹರಿಸಿ ಬಿಗಿದೆವು. ಮತ್ತೆ ಹ್ಯಾಂಡಲ್. ಈ ಸಲ ಒಳಗಿಂದ ಸಣ್ಣಗೆ, ಸ್ಪಷ್ಟವಾಗಿ: ಕುಂಯ್.

"ಕೆಡವು ಲಿವರ್!" ಎಂದು ಮಾವ ಚೀರಿದ್ದು ಫೋನಿಲ್ಲದೆಯೂ ಡರ್ಬಿಗೆ ಕೇಳುವಂತಿತ್ತು.

ಮೊದಲು ಒಂದು ಧಡ್, ಆಮೇಲೆ ಬಿಳಿ ಹೊಗೆಯ ಮೋಡ, ಆಮೇಲೆ ಧಡಧಡಧಡ. ಎದುರು ಮನೆಯಾಕೆ ಒಣಹಾಕಿದ ಬಟ್ಟೆ ತೆಗೆದುಕೊಂಡು ಒಳಗೆ ಓಡಿದರು. ಮೇಷ್ಟ್ರ ಕಣ್ಣಲ್ಲಿ ನೀರು, ಹೊಗೆಯದೆಂದರು.

ಇಷ್ಟಾದ ಮೇಲೆ ಅವರು ಡೀಸೆಲ್ಲಿನ ಇತಿಹಾಸಕ್ಕೆ ಕೈಹಾಕಿದರು. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಒಂದು ಡೀಸೆಲ್ ಎಂಜಿನ್ ಬರೀ ಶೇಂಗಾ ಎಣ್ಣೆ ಕುಡಿದು ಓಡಿತ್ತಂತೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಲ್ಲೇ ಎಂಜಿನ್ ಓಡಿಸಿ ತೋರಿಸಿದ್ದರೆಂದು ನಾನೂ ಸೇರಿಸಿದೆ. ನಮ್ಮಿಬ್ಬರ ಮಾತು ಎತ್ತ ಸಾಗುತ್ತಿದೆಯೆಂದು ಊಹಿಸಿದ ನನ್ನಾಕೆ ಲೆಸ್ಟರಿನ ಗುಜರಾತಿ ಅಂಗಡಿಯಿಂದ ತಂದ ಶೇಂಗಾ ಎಣ್ಣೆಯ ಡಬ್ಬಿಯನ್ನು ಎಲ್ಲಿಟ್ಟಳೋ, ಹಬ್ಬಕ್ಕೆ ಹೋಳಿಗೆ ಮಾಡುವವರೆಗೂ ಸಿಗಲಿಲ್ಲ.

ಬೇಸಿಗೆಯಲ್ಲಿ ಹಳೆಯ ಎಂಜಿನ್ನುಗಳ ಜಾತ್ರೆಗೆ ಡಂಪರ್ ಹೊರಟಿತು, ನಾನೂ ಹೊರಟೆ. ಹಗ್ಗ ಕಟ್ಟಿದ ಸಾಲಿನಲ್ಲಿ ಎಂಜಿನ್ನುಗಳು, ಹಿಂದೆ ಮಡಚುವ ಕುರ್ಚಿಗಳಲ್ಲಿ ಟೀ ಕುಡಿಯುವ ಯಜಮಾನರು. ಕೆಲವು ಎಂಜಿನ್ನುಗಳಿಗೆ ಪಂಪ್ ಜೋಡಿಸಿದ್ದರು. ತೊಟ್ಟಿಯ ನೀರು ಪೈಪಿನಲ್ಲಿ ಏರಿ ಠೀವಿಯಿಂದ ಧುಮುಕಿ ಅದೇ ತೊಟ್ಟಿಗೆ ಬೀಳುತ್ತಿತ್ತು. ಬೆಳಗಿನಿಂದ ಸಂಜೆಯವರೆಗೆ ಅಷ್ಟೇ. ಫೋನಿನಲ್ಲಿ ತೋರಿಸಿದೆ.

"ಆ ನೀರು ಯಾವ ಗದ್ದೀಗೆ ಹೋಗ್ತೈತಿ?"

"ಯಾವ ಗದ್ದೆಗೂ ಇಲ್ಲ, ಮಾವ. ಅಲ್ಲೇ ಬೀಳ್ತದೆ."

ನಾಲೆಯ ಕೊನೆಯ ಗದ್ದೆಯವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅವರಿಗೆ ಹೇಳು, ಪೈಪು ಒಂದಿಷ್ಟು ಉದ್ದ ಮಾಡಿದ್ರೆ ಹರಿಹರಕ್ಕೆ ಮುಟ್ಟತೈತಿ" ಎಂದ. ಮೇಷ್ಟ್ರಿಗೆ ಇದನ್ನೂ ಅನುವಾದಿಸಿದೆ. ಜಾತ್ರೆಯ ಸಾಲಿನ ತುಂಬ ಅದು ಹರಡಿತು. ಟೀ ಕುಡಿಯುವ ಯಜಮಾನರೆಲ್ಲ ಒಬ್ಬೊಬ್ಬರಾಗಿ ಬಂದು ಫೋನಿನಲ್ಲಿದ್ದ ಮಾವನಿಗೆ ನಮಸ್ಕಾರ ಹೇಳಿ, ತಮ್ಮ ತಮ್ಮ ಎಂಜಿನ್ನುಗಳ ಕಾಯಿಲೆಯನ್ನೂ ಹೇಳಿಕೊಂಡು ಹೋದರು.

ಮಾವ ಫೀಸು ಕೇಳುವವನಲ್ಲ. ಆದರೆ ಮೊನ್ನೆ ನಾವು ಊರಿಗೆ ಹೊರಟಿದ್ದೇವೆಂದು ತಿಳಿದು ಫೋನ್ ಮಾಡಿದ. ಮೇಷ್ಟ್ರ ಶೆಡ್ಡಿನ ಮೂಲೆಯಲ್ಲಿ ಹಳೆ ಲಿಸ್ಟರಿನ ಸಿಲಿಂಡರ್ ಹೆಡ್ ಒಂದನ್ನು ವಿಡಿಯೋದಲ್ಲಿ ನೋಡಿಟ್ಟಿದ್ದನಂತೆ. ಒರಿಜಿನಲ್, ಡರ್ಸ್ಲಿದು, ರಾಜಕೋಟಿದಲ್ಲ. "ವಿಮಾನದಾಗೆ ಒಬ್ಬರಿಗೆ 23 ಕೆಜಿ ಬಿಡ್ತಾರಂತಲ್ಲ. ನಿಮ್ಮ ಹೆಂಡ್ರದ್ದೂ ಸೇರಿಸಿದ್ರೆ 46."

ಮೇಷ್ಟ್ರು ಆಗಲೇ ಅದನ್ನು ಒರೆಸಿ, ಎಣ್ಣೆ ಹಚ್ಚಿ, ಹಳೆ ಬೆಡ್‌ಶೀಟಿನಲ್ಲಿ ಸುತ್ತಿ ನಮ್ಮ ಬಾಗಿಲಿಗೆ ತಂದಿಟ್ಟಿದ್ದಾರೆ. ಹೆಂಡತಿ ಸೂಟ್‌ಕೇಸಿನಿಂದ ಸೀರೆಗಳನ್ನು ಒಂದೊಂದಾಗಿ ತೆಗೆದು ಮಂಚದ ಮೇಲಿಡುತ್ತಿದ್ದಾಳೆ. ತೆಗೆಯುತ್ತಿರುವುದು ಹೆಡ್ಡಿಗೆ ಜಾಗ ಮಾಡಲೋ, ಊರಿಗೆ ಬರುವುದಿಲ್ಲವೆನ್ನಲೋ ಎಂದು ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.