ಎರಡನೆಯ ತರಗತಿಯ ಗುರುವರ್ಯರು

ಜೂನ್ ತಿಂಗಳ ಮಳೆಯೊಡನೆ ಹೊನ್ನಾಳಿಯ ಶಾಲೆಗಳು ಕಳೆಗಟ್ಟಿ, ನನ್ನ ಮೊಮ್ಮಗಳು ಎರಡನೆಯ ತರಗತಿಗೆ ಪದಾರ್ಪಣ ಮಾಡಿದಂದಿನಿಂದ, ಅರುವತ್ತು ವರ್ಷಗಳಿಂದ ಕಷ್ಟಪಟ್ಟು ಸಂಪಾದಿಸಿದ್ದ ನನ್ನ ವಿದ್ವತ್ತೆಗೆ ಗ್ರಹಣ ಹಿಡಿದಿದೆಯೆಂದು ವಾಚಕರಲ್ಲಿ ಸವಿನಯವಾಗಿ ನಿವೇದಿಸುತ್ತೇನೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಜನ್ಮತಾಳಿ, ನಾಡಿನ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿದ ‘ನಲಿ-ಕಲಿ’ ಪದ್ಧತಿಯಲ್ಲಿ, ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳು ಗುಂಪುಗುಂಪಾಗಿ ಕುಳಿತು, ಕಾರ್ಡು ಹಿಡಿದು, ಕಲಿಕೆಯ ಏಣಿಯನ್ನು ತಮ್ಮ ತಮ್ಮ ವೇಗದಲ್ಲಿ ಏರುತ್ತಾರೆ. ನಮ್ಮ ಕಾಲದಲ್ಲಿ ನಾವು ಏರುತ್ತಿದ್ದುದು ಬೆಂಚನ್ನು, ಅದೂ ಶಿಕ್ಷೆಯ ನಿಮಿತ್ತ.

ಸಾಯಂಕಾಲ ಚೀಲ ಬಿಸುಟೊಡನೆ ಆಕೆಗೆ ಶಿಷ್ಯನೊಬ್ಬನು ಬೇಕು. ಮನೆಯಲ್ಲಿ ನಿರುದ್ಯೋಗಿಯಾದವನು ನಾನೊಬ್ಬನೇ. ಕನ್ನಡದಲ್ಲಿ ನನ್ನ ಒತ್ತಕ್ಷರಗಳು ‘ದುಂಡಗಿಲ್ಲ’ವೆಂಬ ಆಕ್ಷೇಪ. ಗಣಿತದಲ್ಲಿ ಹತ್ತು-ಬಿಡಿಗಳನ್ನು ಬೋಧಿಸುವುದಕ್ಕೆಂದು ತೆಂಗಿನ ಕಡ್ಡಿಯ ಪೊರಕೆಯಿಂದ ಹತ್ತತ್ತು ಕಡ್ಡಿಗಳನ್ನು ಕಿತ್ತು ಕಟ್ಟು ಕಟ್ಟಿದುದರಿಂದ, ತೊಂಬತ್ತೊಂಬತ್ತನ್ನು ತಲಪುವಷ್ಟರಲ್ಲಿ ಪೊರಕೆಯು ಹಿಡಿಮಾತ್ರವಾಗಿ, ಗೃಹಿಣಿಯ ಕೋಪವು ಗುರುವನ್ನು ಬಿಟ್ಟು ಶಿಷ್ಯನ ಮೇಲೆಯೇ ತಿರುಗಿತು.

ಪರಿಸರ ಅಧ್ಯಯನದಲ್ಲಾದರೂ ಮಾನ ಉಳಿದೀತೆಂದು, ನೀರು ಎಲ್ಲಿಂದ ಬರುತ್ತದೆಂಬ ಪ್ರಶ್ನೆಗೆ, ಪಶ್ಚಿಮಘಟ್ಟದಲ್ಲಿ ಹುಟ್ಟಿದ ತುಂಗೆ ಭದ್ರೆಯರು ಕೂಡಲಿಯಲ್ಲಿ ಸಂಗಮಿಸಿ ನಮ್ಮೂರನ್ನು ಹಾದುಹೋಗುವ ಪರಿಯನ್ನು ಗಂಭೀರವಾಣಿಯಿಂದ ವರ್ಣಿಸಿದೆ. ಗುರುಗಳು ಕಡೆಯವರೆಗೂ ಕೇಳಿ, “ನಳದಾಗಿಂದ ಬರ್ತತಿ, ಅಜ್ಜಾ” ಎಂದು ಸೊನ್ನೆ ಕೊಟ್ಟರು.

ಮನೆಯಲ್ಲಿ ಇಂತಹ ಗುರುಗಳುಳ್ಳ ವಾಚಕರು ಶಾಲೆ ತೆರೆಯುವ ಮುನ್ನವೇ ಪೊರಕೆಯೊಂದನ್ನು ಹೆಚ್ಚಾಗಿ ಕೊಂಡಿಟ್ಟುಕೊಳ್ಳಬೇಕಾಗಿ ಪ್ರಾರ್ಥನೆ.